ಕೆಂಚಿಯ ಊಟ

"ಗುರುಗಳೇ, ಬಾಯಿಬಿಟ್ಟು ಕೇಳುವವರಿಗೆ ಕೇಳಿದಷ್ಟು ಕೊಡಬಹುದು. ಏನನ್ನೂ ಕೇಳದವರಿಗೆ ಎಷ್ಟು ಕೊಡಬೇಕೆಂದು ತಿಳಿಯುವುದು ಹೇಗೆ?"

ಕೇಳಿದವನು ಚೆನ್ನವೀರ. ಮಠದ ಪಂಕ್ತಿಯಲ್ಲಿ ಬಡಿಸುವ ಕೆಲಸ ಅವನಿಗೆ ಹೊಸದಾಗಿ ಬಂದಿತ್ತು. ಭೇದ ಮಾಡಬಾರದೆಂದು ಅವನು ಎಲ್ಲರ ಎಲೆಗೂ ಒಂದೇ ಸಮ ಬಡಿಸುತ್ತಿದ್ದ. ಆದರೂ ಕೆಲವರ ಎಲೆಯಲ್ಲಿ ಅನ್ನ ಉಳಿಯುತ್ತಿತ್ತು. ಇನ್ನು ಕೆಲವರು ಬರಿದಾದ ಎಲೆಯನ್ನೇ ನೋಡುತ್ತ ಕುಳಿತು, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಕುರಿಗಾರನಿದ್ದ. ಮಳೆಗಾಲ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರಿಂದೂರಿಗೆ ಹೋಗುವವನು. ಹಗಲೆಲ್ಲ ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದ. ಸಂಜೆಗೆ ಯಾವುದಾದರೊಂದು ಹೊಲದಲ್ಲಿ ಬಲೆ ಕಟ್ಟಿ, ಅದರೊಳಗೆ ಹಿಂಡು ಕೂಡುತ್ತಿದ್ದ. ಅವನ ಜೊತೆ ಹೆಂಡತಿ ಲಗಮವ್ವ ಇದ್ದಳು. ಎರಡು ನಾಯಿಗಳಿದ್ದವು. ಗಂಡಿನ ಹೆಸರು ಹಂಡ, ಹೆಣ್ಣಿನ ಹೆಸರು ಕೆಂಚಿ.

ಹಂಡ ಬಿಡಾರ ಬಿಟ್ಟು ಕದಲುತ್ತಿರಲಿಲ್ಲ. ಲಗಮವ್ವನ ಒಲೆಯನ್ನೂ ಆಗಷ್ಟೇ ಹುಟ್ಟಿದ ಮರಿಗಳನ್ನೂ ಕಾಯುತ್ತ ಮಲಗಿರುತ್ತಿತ್ತು. ಕೆಂಚಿಗೆ ಮಲಗುವುದೇ ಗೊತ್ತಿರಲಿಲ್ಲ. ಬೆಳಿಗ್ಗೆ ಹಿಂಡಿನ ಮುಂದೆ ಹೊರಟರೆ, ದಾರಿ ತಪ್ಪಿದ ಕುರಿಯನ್ನು ತಿರುಗಿಸಿ ತರಲು ಹೊಲದ ಆ ಬದುವಿನಿಂದ ಈ ಬದುವಿಗೆ ಓಡುತ್ತಲೇ ಇರುತ್ತಿತ್ತು. ಕತ್ತಲಾದ ಮೇಲೆ ಬಲೆಯ ಸುತ್ತ ತಿರುಗುತ್ತಿತ್ತು. ಕೆಂಚಿ ಇದೆಯೆಂಬ ಧೈರ್ಯದಲ್ಲೇ ಕುರಿಗಾರ ಕಣ್ಣು ಮುಚ್ಚುತ್ತಿದ್ದ.

ಕುರಿಗಾರ ಜಿಪುಣನಲ್ಲ. ಬೆಳಿಗ್ಗೆ ತಾನು ಉಣ್ಣುವ ಮೊದಲೇ ನಾಯಿಗಳಿಗೆ ಹಾಕುತ್ತಿದ್ದ. ಜೋಳದ ನುಚ್ಚಿಗೆ ಮಜ್ಜಿಗೆ ಸುರಿದು, ಎರಡಕ್ಕೂ ಒಂದೇ ಬೋಗುಣಿಯಿಂದ ಅಳೆದು ಹಾಕುತ್ತಿದ್ದ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಮಾಡಿದರೆ ಪಾಪ ಎಂದು ನಂಬಿದ್ದ.

ಕುರಿಗಳ ವಿಷಯದಲ್ಲಿ ಅವನ ಕೈ ಬಲು ಜಾಣ. ದಿನಾ ಬೆಳಿಗ್ಗೆ ಬಲೆ ಬಿಚ್ಚುವ ಮೊದಲು ಕುರಿಗಳ ಬೆನ್ನ ಮೇಲೆ ಕೈಯಾಡಿಸುತ್ತಿದ್ದ. ಉಣ್ಣೆಯೊಳಗೆ ಬೆರಳು ತೂರಿಸಿ ಬೆನ್ನೆಲುಬು ಮುಟ್ಟುತ್ತಿದ್ದ. ಯಾವುದು ಸೊರಗಿದೆ, ಯಾವುದು ಮೈಗೂಡಿದೆ ಎಂದು ಅವನಿಗೆ ಬೆರಳಲ್ಲೇ ತಿಳಿಯುತ್ತಿತ್ತು. ನಾಯಿಗಳನ್ನು ಮಾತ್ರ ಅವನು ಹಾಗೆ ಮುಟ್ಟಿರಲಿಲ್ಲ. ನಾಯಿ ಸದಾ ಕಣ್ಣೆದುರೇ ಇರುತ್ತದೆ, ಅದನ್ನು ಮುಟ್ಟಿ ನೋಡುವುದೇನು ಎಂದು ಅವನಿಗೆ ತೋರಿರಬೇಕು.

ಆ ವರ್ಷ ಚಳಿ ಜೋರಾಗಿತ್ತು. ಮೇವು ದೂರ ದೂರವಿದ್ದುದರಿಂದ ಹಿಂಡು ಹೆಚ್ಚು ನಡೆಯಬೇಕಾಯಿತು. ಹಿಂಡು ನಡೆದಷ್ಟೂ ಕೆಂಚಿ ಓಡಿತು. ಚಳಿಗೆ ಅದರ ಕೂದಲು ದಟ್ಟವಾಗಿ ಬೆಳೆದು, ನೋಡಿದವರಿಗೆ ಮೈ ತುಂಬಿಕೊಂಡಂತೆ ಕಾಣುತ್ತಿತ್ತು.

ಒಂದು ಸಂಜೆ ಹೊತ್ತು ಮುಳುಗುವಾಗ ತೋಳ ಬಂದು ಹಿಂಡಿನ ಅಂಚಿನಿಂದ ಒಂದು ಮರಿಯನ್ನು ಎತ್ತಿತು. ಕೆಂಚಿ ಬೆನ್ನಟ್ಟಿತು. ಅರ್ಧ ಹೊಲ ದಾಟುವಷ್ಟರಲ್ಲಿ ಅದರ ಕಾಲು ತಡವರಿಸಿತು. ಇನ್ನಷ್ಟು ದೂರ ಹೋಗಿ ನೆಲಕ್ಕೆ ಮಲಗಿಬಿಟ್ಟಿತು. ತೋಳ ಹಳ್ಳ ಇಳಿದು ಮರೆಯಾಯಿತು. ಮರಿಯ ತಾಯಿ ಕತ್ತಲಾಗುವವರೆಗೆ ಆ ಕಡೆಗೇ ಮುಖ ಮಾಡಿ ಕೂಗುತ್ತಿತ್ತು.

ಕುರಿಗಾರನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ರುಚಿ ಕಂಡ ತೋಳ ಮತ್ತೆ ಬರುತ್ತದೆ.

"ಕೆಂಚಿ ಕೈಲಿ ಇನ್ನ ಆಗೂದಿಲ್ಲ," ಎಂದ ಹೆಂಡತಿಗೆ. "ವಯಸ್ಸಾತು ಅದಕ್ಕ. ಮುಂದಿನ ಊರಾಗ ಯಾರದರ ಮನಿಗೆ ಬಿಟ್ಟು, ಬ್ಯಾರೆ ನಾಯಿ ನೋಡೂಣು."

ಲಗಮವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಬಿಡೂದಾದ್ರ ನೀವ ಹೋಗಿ ಬಿಟ್ಟು ಬರ್ರಿ. ನನ್ನ ಕಣ್ಣಿಲೆ ನಾ ನೋಡೂದಿಲ್ಲ."

ಮರುದಿನ ಹಿಂಡನ್ನು ಹೆಂಡತಿಗೆ ಒಪ್ಪಿಸಿ ಅವನು ಹೊರಟ. ಕರೆದ ಕೂಡಲೇ ಕೆಂಚಿ ಹಿಂದೆ ಬಂತು. ಎಲ್ಲಿಗೆ ಎಂದು ಅದಕ್ಕೇನು ಗೊತ್ತು? ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂತು. ಮೊದಲಾಗಿದ್ದರೆ ಕೆಂಚಿ ಅವನಿಗಿಂತ ಮುಂಚೆ ನೀರಿಗೆ ಹಾರಿ ಆಚೆ ದಡದಲ್ಲಿ ಮೈ ಕೊಡವುತ್ತಿತ್ತು. ಈಗ ದಡದಲ್ಲೇ ನಿಂತು ಅವನ ಮುಖ ನೋಡಿತು.

ಎತ್ತಿಕೊಂಡು ದಾಟಿಸಬೇಕೆಂದು ಅವನು ಬಗ್ಗಿದ. ಬೆಳೆದ ನಾಯಿಯ ಭಾರಕ್ಕೆ ತಕ್ಕಂತೆ ಸೊಂಟ ಗಟ್ಟಿ ಮಾಡಿಕೊಂಡು ಎತ್ತಿದ. ಎತ್ತಿದ ರಭಸಕ್ಕೆ ತಾನೇ ಹಿಂದಕ್ಕೆ ಜೋಲಿ ಹೊಡೆದ. ಕೈಯಲ್ಲಿ ಭಾರವೇ ಇರಲಿಲ್ಲ. ಅವನ ಬೆರಳುಗಳು ಕೂದಲೊಳಗೆ ಇಳಿದು ಎಲುಬಿಗೆ ತಾಗಿದವು. ಎಲುಬಿಗೂ ತೊಗಲಿಗೂ ನಡುವೆ ಏನೂ ಸಿಗಲಿಲ್ಲ. ಕೆಂಚಿ ತನ್ನ ಗದ್ದವನ್ನು ಅವನ ಹೆಗಲ ಮೇಲಿಟ್ಟು ಕಣ್ಣು ಮುಚ್ಚಿತು.

ಕುರಿಗಾರ ಹಳ್ಳಕ್ಕಿಳಿದು ನಡುನೀರಿನವರೆಗೆ ಹೋಗಿ ನಿಂತ. ಆಮೇಲೆ ಬಂದ ದಡಕ್ಕೇ ತಿರುಗಿದ. ಕೆಂಚಿಯನ್ನು ಕೆಳಗಿಳಿಸದೆ ಬಿಡಾರದವರೆಗೂ ಹೊತ್ತು ತಂದ.

"ವಯಸ್ಸಾಗಿಲ್ಲ ಇದಕ್ಕ," ಎಂದ. "ಹಸದೈತಿ."

ಲಗಮವ್ವ ಕೆಂಚಿಯ ಪಕ್ಕೆಯ ಮೇಲೆ ಕೈಯಿಟ್ಟಳು. ಇಟ್ಟ ಕೈಯನ್ನು ತೆಗೆಯಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು, ಆದರೆ ಕುರಿಗಾರನ ಪಶ್ಚಾತ್ತಾಪ ದೊಡ್ಡದಿತ್ತು. ಇದ್ದ ರೊಟ್ಟಿಯನ್ನೆಲ್ಲ ಮುರಿದು ಹಾಕಿದ. ಕುರಿಯ ಹಾಲು ಸುರಿದ. ಕೂಡಿಟ್ಟಿದ್ದ ಕೊಬ್ಬನ್ನು ಕರಗಿಸಿ ಮೇಲೆ ಹೊಯ್ದ. ಕೆಂಚಿ ತಲೆಯೆತ್ತದೆ ಎಲ್ಲವನ್ನೂ ತಿಂದಿತು. ತಿಂದ ಬಾಯಿ ನೆಕ್ಕಿಕೊಳ್ಳುತ್ತಲೇ, ಹಿಂಡು ಎದ್ದದ್ದು ಕಂಡು, ತನ್ನ ಕೆಲಸಕ್ಕೆ ಓಡಿತು.

ಸ್ವಲ್ಪ ಹೊತ್ತಿಗೆ ಹೊಲದ ನಡುವೆ ಕುಸಿಯಿತು. ಹೊಟ್ಟೆ ಉಬ್ಬಿ ಬಿಗಿದಿತ್ತು. ಕುತ್ತಿಗೆ ಚಾಚಿ ವಾಂತಿ ಮಾಡಲು ನೋಡಿದರೆ ಏನೂ ಬರುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅದರ ಪಕ್ಕ ಕುಳಿತರು. ಲಗಮವ್ವ ಕೆಂಚಿಯನ್ನು ಮೆಲ್ಲಗೆ ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಕೂರಿಸಿ, ಸಂಜೆಯವರೆಗೆ ಹಾಗೇ ಮಾಡಿದಳು. ಕೊನೆಗೆ ಕೆಂಚಿ ತಿಂದದ್ದನ್ನೆಲ್ಲ ಕಕ್ಕಿ, ಅವಳ ಕಾಲ ಬಳಿ ಮಲಗಿತು. ಜೀವ ಉಳಿಯಿತು.

ಕುರಿಗಾರ ತಲೆ ತಗ್ಗಿಸಿದ್ದ. ಲಗಮವ್ವ ಅವನನ್ನು ಬೈಯಲಿಲ್ಲ.

"ಹಸಿವಿ ಅಕೀದು," ಎಂದಳು. "ಅವಸರ ನಿಮ್ದು."

ಅಲ್ಲಿಂದ ಮುಂದೆ ಅವನು ನಿಧಾನ ಕಲಿತ. ಮೊದಮೊದಲು ತೆಳ್ಳಗಿನ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದ. ಅದು ದಕ್ಕಿದ ಮೇಲೆ ನುಚ್ಚು, ನುಚ್ಚು ದಕ್ಕಿದ ಮೇಲೆ ಬೆರಳ ತುದಿಯಷ್ಟು ಕೊಬ್ಬು. ಕೆಂಚಿಗೆ ಹಗ್ಗ ಕಟ್ಟಿ ನೆರಳಲ್ಲಿ ಮಲಗಿಸಿ, ಹಿಂಡಿನ ಸುತ್ತ ತಾನೇ ಓಡಾಡಿದ. ಕೆಂಚಿ ದಿನವಿಡೀ ಎಷ್ಟು ಓಡುತ್ತಿತ್ತೆಂದು ಅವನಿಗೆ ತಿಳಿದದ್ದು ಆಗಲೇ. ಸಂಜೆ ಬಂದು ಕಂಬಳಿಯ ಮೇಲೆ ಬಿದ್ದರೆ ಅವನಿಗೆ ರೊಟ್ಟಿ ಮುರಿಯುವಷ್ಟೂ ತ್ರಾಣ ಇರುತ್ತಿರಲಿಲ್ಲ.

ಕೆಂಚಿ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ ಮೇಲೆ, ಬೆಳಿಗ್ಗೆ ಹೊರಡುವಾಗ ಹೊಟ್ಟೆ ತುಂಬಾ ಹಾಕುವುದನ್ನು ಬಿಟ್ಟ. ಸಂಜೆ ಕೆಲಸ ಮುಗಿದು, ನೀರು ಕುಡಿದು, ದಣಿವಾರಿದ ಮೇಲೆ ಹಾಕಿದ. ಆಗಲೂ ಅಳೆಯುವ ಬೋಗುಣಿಯನ್ನು ಮುಟ್ಟಲಿಲ್ಲ. ಮೊದಲು ಕೂದಲು ಸರಿಸಿ ಪಕ್ಕೆಯ ಮೇಲೆ ಕೈಯಿಡುತ್ತಿದ್ದ. ಎಲುಬು ಮೊನಚಾಗಿ ಚುಚ್ಚಿದರೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದ. ಹುಡುಕಿದರೂ ಸಿಗದಿದ್ದರೆ ಒಂದು ಹಿಡಿ ಕಡಿಮೆ. ತೆಳುವಾದ ಹಚ್ಚಡದ ಕೆಳಗಿನ ಬೆರಳು ಕೈಗೆ ಸಿಕ್ಕುವ ಹಾಗೆ ಎಲುಬು ಸಿಕ್ಕಿದರೆ ನೆಮ್ಮದಿಯಿಂದ ನಿನ್ನೆಯಷ್ಟೇ ಹಾಕುತ್ತಿದ್ದ. ಚಳಿ ಹೆಚ್ಚಿದಾಗ, ದೂರ ನಡೆದಾಗ, ಕೈ ಬೇರೆ ಹೇಳುತ್ತಿತ್ತು. ಹಿಂಡು ಒಂದೇ ಕಡೆ ಬೀಡುಬಿಟ್ಟು ಕೆಲಸ ಹಗುರಾದಾಗ ಬೇರೆ ಹೇಳುತ್ತಿತ್ತು.

ಹಂಡನ ಪಕ್ಕೆಯನ್ನೂ ಮುಟ್ಟಿ ನೋಡಿದ. ಎಲುಬು ಎಲ್ಲಿದೆಯೆಂದೇ ಗೊತ್ತಾಗಲಿಲ್ಲ. ಹಂಡನ ಪಾಲು ಕಡಿಮೆಯಾಯಿತು. ಅದು ಖಾಲಿಯಾದ ತನ್ನ ಪಾತ್ರೆಯ ಮುಂದೆ ಕುಳಿತು ಅವನನ್ನೇ ನೋಡುತ್ತಿತ್ತು. ಆ ನೋಟ ತಡೆಯಲಾರದೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಕೆಂಚಿಗೆ ಹೆಚ್ಚು ಹಾಕುವುದು ಸುಲಭವಾಗಿತ್ತು, ಹಂಡನಿಗೆ ಕಡಿಮೆ ಮಾಡುವುದು ಕಷ್ಟವಾಗಿತ್ತು. ಆದರೂ ಮಾಡಿದ. ಕೆಲವು ವಾರಗಳಲ್ಲಿ ಹಂಡ ಮರಿಗಳ ಹಿಂದೆ ತಾನೂ ಒಂದು ಮರಿಯಂತೆ ಕುಣಿಯತೊಡಗಿತು.

ಚಳಿ ಇಳಿಯುವ ಹೊತ್ತಿಗೆ ತೋಳ ಮತ್ತೆ ಬಂತು. ಬೆಳಕು ಹರಿಯುತ್ತಿತ್ತು. ಕುರಿಗಳು ಒಂದಕ್ಕೊಂದು ಒತ್ತಿಕೊಂಡವು. ಕುರಿಗಾರ ಕೋಲು ಹಿಡಿದು ಏಳುವಷ್ಟರಲ್ಲಿ ಕೆಂಚಿ ಹೊಲ ದಾಟಿತ್ತು. ಈ ಸಲ ಅದರ ಕಾಲು ತಡವರಿಸಲಿಲ್ಲ. ತೋಳ ಬರಿಬಾಯಲ್ಲೇ ಓಡಿತು. ಕೆಂಚಿ ಅದನ್ನು ಗುಡ್ಡದ ಆಚೆಯವರೆಗೆ ಅಟ್ಟಿ, ಬಿಸಿಲೇರಿದ ಮೇಲೆ ತಿರುಗಿ ಬಂತು. ನಾಲಿಗೆ ಜೋತುಬಿದ್ದಿತ್ತು. ಮೈಯೆಲ್ಲ ಮುಳ್ಳು ಹತ್ತಿತ್ತು.

ಲಗಮವ್ವ ಸಂತೋಷಕ್ಕೆ ಅಳುತ್ತ ನುಚ್ಚಿನ ಗಡಿಗೆಯನ್ನೇ ಎತ್ತಿ ತಂದಳು. ಕುರಿಗಾರ ಕೈ ಅಡ್ಡ ಹಿಡಿದ.

"ತಡಿ. ಮೊದಲ ಉಸಿರು ಇಳೀಲಿ."

ಅವನು ನೆಲದ ಮೇಲೆ ಕುಳಿತು ಕೆಂಚಿಯ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡ. ಲಗಮವ್ವ ಆಚೆ ಪಕ್ಕದಲ್ಲಿ ಕುಳಿತು ಒಂದೊಂದೇ ಮುಳ್ಳು ಕಿತ್ತಳು. ಕುರಿಗಳು ಬಲೆಯೊಳಗೆ ಮೇವಿಗಾಗಿ ಕೂಗಿದವು. ಇಬ್ಬರೂ ಏಳಲಿಲ್ಲ. ಅಂಗೈ ಕೆಳಗೆ ಏರಿಳಿಯುತ್ತಿದ್ದ ಉಸಿರು ಮೆಲ್ಲಮೆಲ್ಲಗೆ ಶಾಂತವಾಗುವವರೆಗೆ ಅವನು ಹಾಗೆಯೇ ಕಾದ. ಆಮೇಲೆ ತನ್ನ ಕೈಯಿಂದಲೇ ತಿನ್ನಿಸಿದ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರನ ಕಣ್ಣು ಒದ್ದೆಯಾಗಿತ್ತು. ಆದರೂ ಬಡಿಸುವವನ ಸಂಶಯ ಅವನಲ್ಲಿ ಉಳಿದೇ ಇತ್ತು.

"ಎಲ್ಲ ಹೇಳಿದಿರಿ ಗುರುಗಳೇ," ಎಂದ. "ಕೊನೆಗೆ ನಾಯಿಗೆ ಎಷ್ಟು ಹಾಕಬೇಕು ಎಂಬ ಅಳತೆಯೊಂದನ್ನು ಹೇಳಲಿಲ್ಲ."

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟು ಕೇಳಿದರು:

"ಯಾವ ನಾಯಿಗೆ, ಯಾವ ಸಂಜೆ?"