ಲಿಸ್ಬವ್ವನ ಗುಡ್ಡ

ಬೆಳ್ಳಿಕೊಡ್ಲಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಪಕ್ಕಕ್ಕೆ ಒಂದು ಬೋಳು ಗುಡ್ಡವಿದೆ. ನೆತ್ತಿಯ ಮೇಲೆ ಅಲ್ಲಲ್ಲಿ ಕೆಂಪು ಕಲ್ಲುಗಳನ್ನು ಗುಂಪುಗುಂಪಾಗಿ ನೆಟ್ಟಿದ್ದಾರೆ. ಹೆಸರು ಲಿಸ್ಬವ್ವನ ಗುಡ್ಡ. ಬಸ್ಸಿನಲ್ಲಿ ಬರುವವರು ಹೆಸರು ಕೇಳಿದ ಕೂಡಲೇ ಕೈಮುಗಿದು, ದೇವಿಯ ಗುಡಿ ಎಲ್ಲಿ ಎಂದು ವಿಚಾರಿಸುತ್ತಾರೆ. ಕೆಲವರು ಹಸಿರು ಬಳೆಯನ್ನೂ ತಂದಿರುತ್ತಾರೆ. ಗುಡಿಯೂ ಇಲ್ಲ, ದೇವಿಯೂ ಇಲ್ಲ. ಲಿಸ್ಬವ್ವ ಎಂದರೆ ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್. ಅಲ್ಲಿಯವರು ಅದನ್ನು ಲಿಸ್ಬೊವಾ ಎನ್ನುತ್ತಾರೆ, ನಮ್ಮವರ ಬಾಯಲ್ಲಿ ಅದು ಅವ್ವನಾಯಿತು. ಹೋದ ವರ್ಷ ನನ್ನ ಭಾವ ಆ ಊರಿಗೆ ಪ್ರವಾಸ ಹೋಗಿ ಬಂದು ಮುನ್ನೂರು ಫೋಟೋ ತೋರಿಸಿದ. ಒಂದೊಂದು ಫೋಟೋ ನೋಡುವಾಗಲೂ ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಮಾಸ್ತಮ್ಮನ ಹೊಟ್ಟೆಯುರಿಯ ಮುಂದೆ ನನ್ನದು ಯಾವ ಲೆಕ್ಕ.

ಹಿಂದೆ ಒಮ್ಮೆ, ಪೋರ್ಚುಗಲ್ಲಿನ ಪರಂಗಿಯವರ ಹಡಗುಗಳು ಮೆಣಸಿಗಾಗಿ ಈ ಅಳಿವೆಗೆ ಬರುತ್ತಿದ್ದ ಕಾಲದಲ್ಲಿ, ಜಟ್ಟಪ್ಪನೆಂಬವನು ಅವರಿಗೆ ಮೆಣಸು ಅಳೆದು ಕೊಡುತ್ತಿದ್ದ. ಅಳೆಯುತ್ತ ಅಳೆಯುತ್ತ ಅವರ ಮಾತನ್ನೂ ಕಲಿತ. ದುಭಾಷಿ ಬೇಕೆಂದು ಅವರು ಅವನನ್ನು ಹಡಗು ಹತ್ತಿಸಿಕೊಂಡು ಹೋದರು. ಮರಳಿ ಬಂದದ್ದು ನಾಲ್ಕನೆಯ ವರ್ಷ. ಬಂದವನ ಬಾಯಲ್ಲಿ ಬೇರೆ ಸುದ್ದಿಯೇ ಇಲ್ಲ. ಗಂಜಿಗೆ ಕೂತರೂ ಲಿಸ್ಬೊವಾ, ಎಲೆ ಅಡಿಕೆಗೆ ಕೂತರೂ ಲಿಸ್ಬೊವಾ. “ಬೆಳಗಿನ ಬಿಸಿಲಲ್ಲಿ ಅದರ ಚೆಂದ ನೋಡಬೇಕು. ಎಷ್ಟು ನೋಡಿದ್ರೂ ಕಣ್ಣು ತುಂಬೂದಿಲ್ಲ” ಎನ್ನುತ್ತಿದ್ದನಂತೆ. ನಮ್ಮ ಕಡೆ ಹೆಂಗಸನ್ನೂ ‘ಅದು’ ಎಂದೇ ಹೇಳುವ ವಾಡಿಕೆ. ನಾಲ್ಕು ವರ್ಷ ಬಾಗಿಲು ಕಾದಿದ್ದ ಅವನ ಹೆಂಡತಿ ಮಾಸ್ತಮ್ಮ, ತನಗೆ ಕಡಲಾಚೆ ಒಬ್ಬ ಸವತಿ ಇದ್ದಾಳೆಂದೇ ತಿಳಿದಳು. ಮೈ ಉರಿದುಹೋಯಿತು. ಬೆಳಗಿದ ತಂಬಿಗೆಯಲ್ಲಿ ಮುಖ ನೋಡಿಕೊಂಡಳು, ಅತ್ತಳು, ತಂಬಿಗೆಯನ್ನು ಮತ್ತೊಮ್ಮೆ ಬೆಳಗಿದಳು. ಮಳೆಗಾಲ ಕಳೆದರೆ ಹಡಗು ಮತ್ತೆ ಬರುವುದಿತ್ತು, ಗಂಡ ಮತ್ತೆ ಹೊರಡುವ ಮಾತಾಡುತ್ತಿದ್ದ. ಅವನನ್ನು ಉಳಿಸಿಕೊಳ್ಳುವುದೊಂದೇ ಅವಳ ಚಿಂತೆಯಾಗಿತ್ತು.

ಕಡೆಗೊಂದು ದಿನ ತಡೆಯಲಾರದೆ, “ಆ ಲಿಸ್ಬವ್ವ ನನಗಿಂತ ಬೆಳ್ಳಗದೆಯಾ?” ಎಂದು ಕೇಳಿಯೇಬಿಟ್ಟಳು. ಜಟ್ಟಪ್ಪ ಬಿದ್ದು ಬಿದ್ದು ನಕ್ಕ. “ಅದು ಊರು ಮಾರಾಯ್ತಿ” ಎಂದ. ಇಡೀ ಕೇರಿ ಒಂದು ವಾರ ನಕ್ಕಿತು. ಮಾಸ್ತಮ್ಮನೂ ನಕ್ಕಳು, ಆದರೆ ಎರಡೇ ದಿನ. ಮೂರನೆಯ ದಿನ ಹೊಸ ಉರಿ ಶುರುವಾಯಿತು. “ಹೆಣ್ಣಾದ್ರೆ ಇಂದಲ್ಲ ನಾಳೆ ಮುದುಕಿ ಆಗ್ತಿತ್ತು. ಊರಿಗೆ ಮುಪ್ಪುಂಟಾ?” ಎಂದು ಬಾವಿಕಟ್ಟೆಯಲ್ಲಿ ಹೇಳಿದ ಅವಳ ಮಾತನ್ನು ನಮ್ಮ ಹೆಂಗಸರು ಈಗಲೂ ಆಡಿಕೊಳ್ಳುತ್ತಾರೆ. ನೀವು ಕಂಡದ್ದನ್ನೆಲ್ಲ ನನಗೂ ತೋರಿಸಿ ಎಂದು ಗಂಡನ ಮುಂದೆ ಹಠ ಹಿಡಿದಳು.

ಜಟ್ಟಪ್ಪ ಅವಳನ್ನು ಈ ಗುಡ್ಡಕ್ಕೆ ಕರೆತಂದ. ಕೆಂಪು ಕಲ್ಲು ಹೊತ್ತು ತಂದು, ದಿನಕ್ಕೊಂದು ಜಾಗದಂತೆ ನೆಟ್ಟು ತೋರಿಸಿದ. ಎತ್ತರದಲ್ಲಿ ಕೋಟೆ, ಅದರ ಕೆಳಗೆ ಪರಂಗಿಯವರು ಪ್ರಾರ್ಥನೆ ಮಾಡುವ ಜೋಡಿ ಗೋಪುರದ ಇಗರ್ಜಿ, ಹೊಳೆ ದಂಡೆಗೆ ಅರಮನೆ, ಅದರ ಹಿಂದೆ ದೇಶದೇಶದ ಬಟ್ಟೆ ಮಾರುವ ಪೇಟೆಬೀದಿ. ಅವಳ ಕೈ ಹಿಡಿದು ಕಲ್ಲಿನಿಂದ ಕಲ್ಲಿಗೆ ನಡೆಸಿದ. “ಇಲ್ಲಿ ನಾ ನಿಂತಿದ್ದೆ. ಇಲ್ಲಿಂದ ನಾ ಹೊಳೆ ನೋಡಿದೆ. ಹಡಗಿನವರು ಈ ಅಂಗಡೀಲಿ ಕುಡಿತಿದ್ರು, ಅವರ ಸಂಗ್ತಿಗೆ ನಾ ಹೋಗ್ಲಿಲ್ಲ” ಎನ್ನುತ್ತಿದ್ದ. ಮಾಸ್ತಮ್ಮನಿಗೆ ಆ ಊರು ನಿಧಾನಕ್ಕೆ ಹಿಡಿಸತೊಡಗಿತು. ಗಂಡ ಇಷ್ಟು ಹೊತ್ತು ತನ್ನೊಡನೆ ಹಿಂದೆಂದೂ ಮಾತಾಡಿರಲಿಲ್ಲ. ಕೊನೆಯ ದಿನ ಒಂದು ಕಲ್ಲು ನೆಟ್ಟು, ಇದು ನೀರಿನ ಕಟ್ಟೆ, ಕಲ್ಲಿನ ಬಾಯಿಂದ ಹಗಲಿಡೀ ನೀರು ಸುರಿಯುತ್ತದೆ ಎಂದು ವರ್ಣಿಸಿದ. “ಸಂಜೆಗೆ ನಾವು ಇಲ್ಲೇ ಕೂತಿರ್ತಿದ್ವು” ಎಂದ.

“ನಾವು ಅಂದ್ರೆ?” ಎಂದಳು ಮಾಸ್ತಮ್ಮ.

“ಹಡಗಿನವರು.”

“ಹಡಗಿನವರಿಗೆ ಇಷ್ಟು ದಿನ ‘ಅವರು’ ಅಂತಿದ್ರಿ.”

ಜಟ್ಟಪ್ಪ ಹೊಳೆಯ ಕಡೆ ತಿರುಗಿದ. ಅವಳು ಕೂಗಾಡಲಿಲ್ಲ ಎನ್ನುತ್ತಾರೆ. ನಾನಾಗಿದ್ದರೆ ಕೂಗಾಡುತ್ತಿದ್ದೆ. ಬಗ್ಗಿ ಆ ಕಲ್ಲನ್ನು ಅಲುಗಿಸಿ ಕಿತ್ತು, ಎದೆಗೆ ಆನಿಸಿಕೊಂಡು ಗುಡ್ಡದ ಅಂಚಿಗೆ ಹೋಗಿ ಹೊಳೆಗೆ ಹಾಕಿದಳು. ಮಳೆಗಾಲ ಕಳೆದು ಹಡಗು ಬಂತು. ಹೊರಟು ನಿಂತವರಿಗೆ ಹೋಗಿ ಬನ್ನಿ ಎನ್ನುವುದು ನಮ್ಮಲ್ಲಿ ರೂಢಿ. ಸಾಲ ವಸೂಲಿಗೆ ಬಂದವನಿಗೂ ಬರೀ ಹೋಗು ಎನ್ನುವುದಿಲ್ಲ. ಜಟ್ಟಪ್ಪ ಗಂಟು ಹಿಡಿದು ಹೊಸಿಲ ಹೊರಗೆ ತುಂಬ ಹೊತ್ತು ನಿಂತಿದ್ದನಂತೆ. ಒಳಗಿನಿಂದ ಮಾಸ್ತಮ್ಮ, “ಹೋಗಿ” ಎಂದಳು. ಅವನು ಹೋದ, ತಿರುಗಿ ಬರಲಿಲ್ಲ. ಗಂಡ ಎಲ್ಲಿ ಎಂದು ಯಾರು ಕೇಳಿದರೂ “ಲಿಸ್ಬವ್ವನ ಹತ್ರ” ಎಂದು ಬದುಕಿರುವಷ್ಟು ಕಾಲವೂ ಹೇಳಿದಳು. ಅದು ಊರೆಂದು ಗೊತ್ತಿದ್ದ ಕೇರಿಯವರು ಆಮೇಲೆ ಯಾರೂ ನಗಲಿಲ್ಲ. ಗುಡ್ಡಕ್ಕೆ ಆ ಹೆಸರೇ ನಿಂತಿತು.

ಮೇಲೆ ಹೋದವರಿಗೆ ಕೋಟೆ, ಇಗರ್ಜಿ, ಅರಮನೆ, ಪೇಟೆಬೀದಿ ಇಂದಿಗೂ ಕಾಣುತ್ತವೆ. ಕಲ್ಲು ಕಿತ್ತ ಕಡೆ ಒಂದು ಗುಂಡಿ ಉಳಿದಿದೆ; ದೀಪಾವಳಿಯವರೆಗೂ ಅದರಲ್ಲಿ ನೀರು ನಿಂತಿರುತ್ತದೆ. ಹೊಸದಾಗಿ ಮದುವೆಯಾದವರು ಇಡೀ ಗುಡ್ಡ ಬಿಟ್ಟು ಆ ಗುಂಡಿಯ ಅಂಚಿಗೇ ಹೋಗಿ ಒತ್ತಿ ಕೂರುತ್ತಾರೆ. ನನ್ನ ಕೈಗೆ ಮೊಬೈಲು ಕೊಟ್ಟು, “ಅಜ್ಜ, ನಮ್ದೊಂದು ತೆಗೀರಿ” ಎನ್ನುತ್ತಾರೆ.