ಇನ್ನಾಸಮ್ಮನ ದೇವಕಣಗಿಲೆ ಮರಗಳು

ನಮ್ಮದು ಇವತ್ತು ನಿನ್ನೆಯ ಮನೆತನವಲ್ಲ, ಸೆಸಿ. ಕಗ್ಗಲಿಪಾಳ್ಯದ ಚರ್ಚಿಗೆ ಇನ್ನೂ ಹುಲ್ಲಿನ ಮಾಡು ಇದ್ದಾಗಲೇ ಅಲ್ಲಿಯ ಸಮಾಧಿ ತೋಟದ ಬೀಗದ ಕೈ ನಮ್ಮ ಮನೆಯ ಹೆಂಗಸರ ಸೊಂಟದಲ್ಲಿತ್ತು. ಆರು ತಲೆಮಾರು. ನಮ್ಮವರು ಒಬ್ಬರೂ ಪೂಜೆಗೆ ತಡವಾಗಿ ಹೋದವರಲ್ಲ, ಕೊಟ್ಟ ಮಾತಿಗೆ ತಪ್ಪಿದವರಲ್ಲ, ಕತೆ ಕೇಳುವಾಗ ಹೊದಿಕೆಯೊಳಗೆ ಕಾಲು ಕುಣಿಸಿದವರೂ ಅಲ್ಲ. ಕಾಲು ನೇರ ಮಾಡಿಕೊ. ಹಾಂ, ಈಗ ಕೇಳು.

ಹಿಂದೆ, ತುಂಬ ಹಿಂದೆ, ಒಂದು ಕಾಲವಿತ್ತಂತೆ. ಆಗ ನಮ್ಮ ಮನೆಯ ಇನ್ನಾಸಮ್ಮ ಅನ್ನುವಾಕೆ ಆ ತೋಟ ನೋಡಿಕೊಳ್ಳುತ್ತಿದ್ದಳಂತೆ. ಎಂಥ ತೋಟ ಅಂತೀಯ! ಗೋರಿಗಳ ನಡುವೆ ಸೊಂಟದೆತ್ತರ ಹುಲ್ಲು, ಹುಲ್ಲಿನ ತುದಿಗೆ ಜೋತುಬಿದ್ದು ಬೀಜ ತಿನ್ನುವ ರಾಟವಾಳ ಹಕ್ಕಿಗಳು, ಬಿಸಿಲು ಕಾಯಿಸುವ ಹಾವುರಾಣಿ, ಗೋಡೆಯ ಸಂದಿಯಲ್ಲಿ ಮುಂಗುಸಿಯ ಸಂಸಾರ. ಊರಲ್ಲೆಲ್ಲ ಹೊಲ ಉತ್ತು, ಬೇಲಿ ಸವರಿ, ಗಿಡಮರ ಕಡಿದು ಬೋಳು ಮಾಡಿದ್ದರಂತೆ. ಎಲ್ಲೂ ಜಾಗವಿಲ್ಲದ ಜೀವಗಳೆಲ್ಲ ಸತ್ತವರ ಹತ್ತಿರ ಬಂದು ಸೇರಿಕೊಂಡಿದ್ದವಂತೆ. ಇನ್ನಾಸಮ್ಮ ದಾರಿಯಷ್ಟನ್ನೇ ಗುಡಿಸುತ್ತಿದ್ದಳು. ಹುಲ್ಲು ಬೀಜ ಉದುರಿಸಿದ ಮೇಲೆಯೇ ಅವಳ ಕುಡುಗೋಲು ಏಳುತ್ತಿತ್ತು, ಅದೂ ಒಂದು ಸಲಕ್ಕೆ ಒಂದೇ ಸಾಲು.

ಹಾವು ಇತ್ತಾ ಅಜ್ಜಿ?

ಇತ್ತು. ಅದರ ಪಾಡಿಗೆ ಅದು ಇತ್ತು. ನಡುವೆ ಬಾಯಿ ಹಾಕಬಾರದು.

ಆಮೇಲೆ ಒಂದು ವರ್ಷ, ಮೃತರ ಹಬ್ಬಕ್ಕೆ ಬಿಷಪ್ಪರು ಬರುತ್ತಾರೆ ಅಂತ ಸುದ್ದಿ ಬಂತಂತೆ. ಮೃತರ ಹಬ್ಬ ಅಂದರೆ ಗೊತ್ತಲ್ಲ, ಎಲ್ಲರೂ ತಮ್ಮವರ ಗೋರಿ ತೊಳೆದು, ಸುಣ್ಣ ಹೊಡೆದು, ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ. ಊರ ಯಜಮಾನ ಅರುಳಪ್ಪ ಭಾನುವಾರ ಪೂಜೆ ಮುಗಿದದ್ದೇ ಬಾಗಿಲಲ್ಲಿ ನಿಂತು, ಇದೇನು ಸಮಾಧಿ ತೋಟವೋ ಹಂದಿ ನುಗ್ಗುವ ಪೊದೆಯೋ, ಈ ಹೆಂಗಸು ಸೋಮಾರಿ, ಇವಳಿಂದ ನಮ್ಮ ಸತ್ತವರಿಗೇ ಅವಮಾನ ಅಂತ ಇಡೀ ಊರಿನ ಮುಂದೆ ಕೂಗಿದನಂತೆ. ಮೂರು ದಿನದಲ್ಲಿ ನನ್ನ ಮೂರು ಮಕ್ಕಳು ಎಲ್ಲ ಬೋಳಿಸುತ್ತಾರೆ, ಹಬ್ಬದ ದಿನ ಬೀಗದ ಕೈ ತಂದುಕೊಡು ಅಂದನಂತೆ. ಜನ ನಕ್ಕರಂತೆ. ಇನ್ನಾಸಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಡೆದುಹೋದಳಂತೆ.

ಆಮೇಲೆ ಮೊದಲನೆಯ ದಿನ ದೊಡ್ಡ ಮಗ ಕುಡುಗೋಲು ಹಿಡಿದು ಬಂದನಂತೆ. ಇನ್ನಾಸಮ್ಮ, ಬಾರಪ್ಪ, ಆದರೆ ಕಾಲು ನೋಡಿ ಇಡು ಅಂದಳು. ಅವನು ನಾಲ್ಕು ಹೆಜ್ಜೆ ಇಟ್ಟಿದ್ದಾನೆ, ಕಾಲ ಬುಡದಿಂದಲೇ ಭರ್ರ್ ಅಂತ ಗೌಜಲ ಹಕ್ಕಿ ಎದ್ದಿತಂತೆ, ಇವನು ಅಯ್ಯಪ್ಪೋ ಅಂತ ಹಿಂದಕ್ಕೆ ಬಿದ್ದನಂತೆ. ನೋಡಿದರೆ ಹುಲ್ಲಿನ ಬುಡದಲ್ಲಿ ಏಳು ಮೊಟ್ಟೆ, ಮುಟ್ಟಿದರೆ ಬೆಚ್ಚಗೆ. ಏನಮ್ಮಾ ಇದು, ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಏಳು ಜೀವ ತುಳಿಯುತ್ತಿದ್ದೆನಲ್ಲ ಅಂತ ಅವನು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋದನಂತೆ.

ಎರಡನೆಯ ದಿನ ನಡುವಿನವನು ಸುಣ್ಣದ ಬಕೆಟ್ಟು ತಂದನಂತೆ. ಈ ಕಲ್ಲುಗಳಿಗೆಲ್ಲ ಕಜ್ಜಿ ಹಿಡಿದಿದೆ, ಬಳಿದುಬಿಡುತ್ತೇನೆ ಅಂದ. ಹಳೆಯ ಕಲ್ಲಿನ ಮೇಲೆ ಬೂದಿ ಬಣ್ಣದ ಬಿಲ್ಲೆ ಬಿಲ್ಲೆ ಇರುತ್ತದಲ್ಲ, ಕಲ್ಲುಹೂವು, ಅದನ್ನು ಹಾಗೆ ಅಂದದ್ದು. ಇನ್ನಾಸಮ್ಮ ಒಂದು ಚೆಂಬು ನೀರು ತಂದು ಕಲ್ಲಿನ ಮೇಲೆ ಸುರಿದಳಂತೆ. ಸುರಿದದ್ದೇ ತಡ, ಆ ಬೂದಿಯೆಲ್ಲ ಅವನ ಕಣ್ಣೆದುರೇ ಹಸಿರಾಗಿ ಹೋಯಿತಂತೆ! ಈ ಬಿಲ್ಲೆ ಹೆಬ್ಬೆರಳಷ್ಟು ಅಗಲವಾಗುವ ಹೊತ್ತಿಗೆ ಒಬ್ಬ ಮನುಷ್ಯ ಹುಟ್ಟಿ ಮುದುಕನಾಗುತ್ತಾನಪ್ಪ, ಸುಣ್ಣ ಬಳಿಯುವುದಕ್ಕೆ ನಿನಗೆ ಅರ್ಧ ಗಳಿಗೆ ಸಾಕು ಅಂದಳಂತೆ. ಅವನಿಗೆ ಕೈ ಬರಲಿಲ್ಲ. ತಂದ ಸುಣ್ಣವನ್ನು ಗೇಟಿನ ಕಂಬಕ್ಕೆ ಬಳಿದು ಹೋದನಂತೆ.

ಮೂರನೆಯ ದಿನ ಅರುಳಪ್ಪನಿಗೆ ರೇಗಿಹೋಯಿತು. ಒಬ್ಬ ಹಕ್ಕಿಗೆ ಹೆದರಿದ, ಇನ್ನೊಬ್ಬ ಕಲ್ಲಿಗೆ ಕರಗಿದ, ನೀವೇನು ಗಂಡಸರಾ ಅಂತ ಬೈದು, ಕಿರಿಯ ಮಗನ ಕೈಯಲ್ಲಿದ್ದ ಕೊಡಲಿ ಕಿತ್ತುಕೊಂಡು ತಾನೇ ಬಂದನಂತೆ, ಕಿರಿಯವನು ಹಿಂದೆ ಹಿಂದೆ. ಸೀದಾ ಹೋದದ್ದು ಪಡುವಣ ಮೂಲೆಗೆ. ಅಲ್ಲಿ ಒಂದೂ ಕಲ್ಲಿಲ್ಲ, ಶಿಲುಬೆಯಿಲ್ಲ, ಬರೀ ದೇವಕಣಗಿಲೆ ಮರಗಳು, ನೆಲದ ತುಂಬ ಬಿಳಿ ಹೂವು. ಈ ಖಾಲಿ ಜಾಗದಲ್ಲೇ ಬಿಷಪ್ಪರಿಗೆ ಚಪ್ಪರ ಹಾಕಿಸುತ್ತೇನೆ ಅಂತ ಒಂದು ಏಟು ಹಾಕಿಯೇಬಿಟ್ಟನಂತೆ. ಮರದಿಂದ ಬೆಳ್ಳಗೆ ಹಾಲು ಸುರಿಯಿತು.

ಆಗ ಇನ್ನಾಸಮ್ಮ, ಖಾಲಿ ಅಂದವರು ಯಾರು ಯಜಮಾನರೆ ಅಂದಳಂತೆ. ಆಮೇಲೆ ಒಂದೊಂದೇ ಮರ ಮುಟ್ಟಿ ಹೇಳುತ್ತ ಬಂದಳಂತೆ. ಜ್ವರದ ವರ್ಷ ದಿನಕ್ಕೆ ಎಂಟು ಹತ್ತು ಹೆಣ. ಕಲ್ಲು ಕಡಿಯುವವನೂ ಸತ್ತ, ಬಡಗಿಯೂ ಸತ್ತ. ಆಗ ಮಣ್ಣು ಮುಚ್ಚಿದವರು ತಲೆಯ ಹತ್ತಿರ ಒಂದೊಂದು ದೇವಕಣಗಿಲೆ ಕೊಂಬೆ ಸಿಕ್ಕಿಸಿ ಹೋದರು. ಒಣಕೊಂಬೆ ನೆಟ್ಟರೂ ಚಿಗುರುವ ಜಾತಿ ಅದು. ನಮ್ಮಮ್ಮ ಜ್ಞಾನೋಪದೇಶ ಕಲಿಸಿದ ಹಾಗೆ ದಿನಾ ಈ ಮರಗಳ ಹೆಸರು ಬಾಯಿಪಾಠ ಮಾಡಿಸಿದಳು. ಇದು ಲೂರ್ದಮ್ಮ. ಇದು ಕುಂಬಾರ ಚೌರಪ್ಪ, ಪಕ್ಕದ್ದು ಅವನ ಅವಳಿ ಹೆಣ್ಣುಮಕ್ಕಳು. ನೀವು ಏಟು ಹಾಕಿದ್ದು ನಿಮ್ಮ ತಾಯಿ ಸವರಿಯಮ್ಮ.

ಸುಳ್ಳು, ನಮ್ಮವ್ವನನ್ನು ಜ್ವರದ ಗಾಡಿಯಲ್ಲಿ ಊರಾಚೆಯ ಗುಂಡಿಗೆ ಒಯ್ದರು, ಅವಳಿಗೆ ಒಂದು ಬತ್ತಿ ಹಚ್ಚುವುದಕ್ಕೂ ನನಗೆ ಜಾಗವಿಲ್ಲ ಅಂದನಂತೆ ಅರುಳಪ್ಪ.

ಒಯ್ಯಲು ನಿಮ್ಮಪ್ಪ ಬಿಡಲಿಲ್ಲ, ಹೊತ್ತುಕೊಂಡು ಬಂದು ತಾವೇ ಮಣ್ಣು ಮಾಡಿದರು. ಮತ್ತೆ ಮೂರೇ ದಿನಕ್ಕೆ ಅವರೂ ಹೋದರು, ನಿಮಗೆ ಹೇಳುವವರು ಯಾರೂ ಉಳಿಯಲಿಲ್ಲ. ಕೊಂಬೆ ನೆಡುವಾಗ ಬಲಗೈಯಲ್ಲಿ ನೀವು, ಎಂಟು ತಿಂಗಳ ಕೂಸು. ಎಡಗೈಯಲ್ಲಿ ನೆಟ್ಟರು, ಅದಕ್ಕೇ ನೋಡಿ, ಇಷ್ಟೂ ಮರಗಳಲ್ಲಿ ಇದೊಂದೇ ವಾಲಿಕೊಂಡಿದೆ. ನೀವು ಯಾವತ್ತು ಈ ಮೂಲೆಗೆ ಬಂದು ಕೇಳಿದಿರಿ?

ಅರುಳಪ್ಪ ಕೊಡಲಿ ಬಿಟ್ಟು, ಆ ಗಾಯದಿಂದ ಸುರಿಯುವ ಹಾಲನ್ನು ಎರಡೂ ಕೈಯಿಂದ ಒತ್ತಿಹಿಡಿದು, ಅವ್ವಾ ಅಂತ ಕೂತುಬಿಟ್ಟನಂತೆ. ಕಿರಿಯ ಮಗ ಓಡಿಹೋಗಿ ಹಸಿಮಣ್ಣು ಕಲಸಿ ತಂದು ಗಾಯಕ್ಕೆ ಮೆತ್ತಿದನಂತೆ.

ಆಮೇಲೆ ಹಬ್ಬ ಬಂತು, ಬಿಷಪ್ಪರು ಬಂದರು. ಆ ಹುಲ್ಲು, ಆ ಹಕ್ಕಿ, ಆ ಕಲ್ಲುಹೂವು ನೋಡಿ, ಸತ್ತವರಿಗೆ ಇಷ್ಟು ಒಳ್ಳೆಯ ನೆರೆಹೊರೆ ನಾನು ಎಲ್ಲೂ ಕಂಡಿಲ್ಲ ಅಂದರಂತೆ, ತೀರ್ಥವನ್ನು ಮೊದಲು ಆ ಮೂಲೆಗೇ ಚಿಮುಕಿಸಿದರಂತೆ. ಅರುಳಪ್ಪ ಐವತ್ತು ವರ್ಷದಲ್ಲಿ ಮೊದಲ ಸಲ ತಾಯಿಗೆ ಬತ್ತಿ ಹಚ್ಚಿದನಂತೆ. ಮರ ಉಳಿಯಿತು, ಗೌಜಲ ಮರಿ ಮಾಡಿತು, ಬೀಗದ ಕೈ ನಮ್ಮ ಮನೆಯಲ್ಲೇ ಉಳಿಯಿತು. ಕತೆ ಇಲ್ಲಿಗೆ ಆಯಿತು ಅಂತ ಬೇರೆ ಮನೆಗಳಲ್ಲಿ ದೀಪ ಆರಿಸುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಸ್ವಲ್ಪ ಇದೆ.

ಅರುಳಪ್ಪ ಸಂತೋಷಕ್ಕೆ ಒಂದು ರೇಷ್ಮೆ ಸೀರೆ ತಂದು, ಊರೆಲ್ಲ ನೋಡುತ್ತಿದ್ದ ಹಾಗೆ ಇನ್ನಾಸಮ್ಮನ ಮುಂದೆ ಹಿಡಿದನಂತೆ. ಆಕೆ ಅದನ್ನು ತೆಗೆದುಕೊಂಡು, ಬಣ್ಣ ನೋಡಿ, ಮಡಿಕೆ ಕೆಡದ ಹಾಗೆ ವಾಪಸು ಅವನ ಕೈಗೇ ಇಟ್ಟಳಂತೆ.

ಉಡುವುದಕ್ಕೆ ಸೀರೆ ನನ್ನ ಹತ್ತಿರ ಇದೆ ಯಜಮಾನರೆ. ಎಲ್ಲರ ಮುಂದೆ ನನ್ನನ್ನು ಸೋಮಾರಿ ಅಂದಿರಿ. ಆ ಎಲ್ಲರೂ ಇಲ್ಲೇ ಇದ್ದಾರೆ. ಕ್ಷಮೆ ಕೇಳಿ.