ಪಾಲಯ್ಯ ಬಿಲ್ಲು ಮಾಡಿದ್ದು

ಹೇಳಿದಷ್ಟನ್ನೇ ಮಾಡುವವನ ಕತೆ ಇದು. ಒಂದು ಕೂದಲು ಹೆಚ್ಚು ಮಾಡಲಿಲ್ಲ, ಒಂದು ಕೂದಲು ಕಡಿಮೆ ಮಾಡಲಿಲ್ಲ. ಅದೇ ತೊಂದರೆ.

ಗುಡ್ಡದ ಬುಡದಲ್ಲಿ ಒಂದು ಹಟ್ಟಿ. ಹಟ್ಟಿಯಲ್ಲಿ ಓಬಕ್ಕ. ಗಂಡ ತೀರಿಹೋಗಿದ್ದ. ಇದ್ದವನು ಒಬ್ಬನೇ ಮಗ, ಪಾಲಯ್ಯ. ಆಳು ಆರಡಿ, ತೋಳು ಒನಕೆ, ತಲೆಯ ಮಾತು ಬೇಡ. ಒಮ್ಮೆ ಓಬಕ್ಕ, ಕೋಳಿಗಳೆಲ್ಲ ಗೂಡು ಸೇರುವ ತನಕ ನೀನು ಒಳಗೆ ಬರಬೇಡ ಅಂದಳು. ಒಂದು ಕೋಳಿಯನ್ನು ನರಿ ಒಯ್ದಿತ್ತು. ಪಾಲಯ್ಯ ಮೂರು ದಿನ ಹೊರಗೇ ಕೂತ.

ತಾನು ಹೋದ ಮೇಲೆ ಇವನಿಗೆ ಯಾರು ಗತಿ ಎಂದು ಓಬಕ್ಕನಿಗೆ ಒಂದೇ ಚಿಂತೆ. ಅವಳ ಅಣ್ಣ ಕಾಟಯ್ಯನಿಗೆ ಸೂರಮ್ಮ ಎಂಬ ಮಗಳಿದ್ದಳು. ಚುರುಕು ಹುಡುಗಿ. ಸೋದರಮಾವನ ಮಗಳು, ಕೇಳುವ ಹಕ್ಕು ಪಾಲಯ್ಯನದು. ಸೂರಮ್ಮನೂ ಬೇಡ ಅಂದಿರಲಿಲ್ಲ. ಬಾವ ಪೆದ್ದ ನಿಜ, ಆದರೆ ಹೇಳಿದ ಮಾತು ಕೇಳುತ್ತಾನಲ್ಲ, ಅಂಥ ಗಂಡು ಈ ಸೀಮೆಯಲ್ಲಿ ಇನ್ನೊಂದು ತೋರಿಸಿ ಎಂದು ಅವಳ ವಾದ.

ಆದರೆ ಆ ಹಟ್ಟಿಗಳಲ್ಲಿ ಒಂದು ಕಟ್ಟಳೆ. ಹೆಣ್ಣು ಕೇಳುವ ಗಂಡು ಒಂದೇ ಮರದ ತುಂಡಿನಿಂದ, ಎಲ್ಲೂ ಕೂಡಿಕೆ ಇಲ್ಲದೆ, ತನ್ನ ಕೈಯಾರೆ ಬಿಲ್ಲು ಮಾಡಬೇಕು. ಹೆಣ್ಣಿನ ಮನೆಯ ಹಿರಿಯ ಅದನ್ನು ಹಿಡಿದು ನೋಡಿ ಹೂಂ ಅನ್ನಬೇಕು. ಹೂಂ ಅಂದರೆ ಮದುವೆ. ಊಹೂಂ ಅಂದರೆ ಬಂದ ದಾರಿ.

ಕಾಟಯ್ಯ ಬಿಲ್ಲು ಮಾಡುವುದರಲ್ಲಿ ಪಳಗಿದವನು. ತಂಗಿಗೆ ನೇರವಾಗಿ ಹೇಳಿದ. ಬೇರೆ ಹಟ್ಟಿಯವರೂ ಕೇಳುತ್ತಿದ್ದಾರೆ. ಯುಗಾದಿಯ ತನಕ ತಡೆಯುತ್ತೇನೆ. ಅಷ್ಟರಲ್ಲಿ ಪಾಲ ಬಿಲ್ಲು ತಂದರೆ ಸೂರಿ ಅವನಿಗೆ. ಇಲ್ಲವಾದರೆ ನನ್ನನ್ನು ಬೈಯಬೇಡ. ಹೇಗೆ ಮಾಡುವುದೆಂದು ಹೇಳಿಕೊಡುತ್ತೇನೆ, ಕೆತ್ತುವ ಬಾಚಿ ಮಾತ್ರ ನಾನು ಮುಟ್ಟುವುದಿಲ್ಲ.

ಆಗ ದೀಪಾವಳಿ ಕಳೆದಿತ್ತಷ್ಟೆ.

ಮೊದಲು ಮರ. ದಡಸಲು ಮರ ನೋಡು, ಬಾಗುತ್ತದೆ, ಮುರಿಯುವುದಿಲ್ಲ ಎಂದ ಕಾಟಯ್ಯ. ನೆಟ್ಟಗಿರಬೇಕು, ಗಂಟಿರಬಾರದು, ನಿನ್ನಷ್ಟೇ ಉದ್ದ ಇರಬೇಕು.

ಪಾಲಯ್ಯ ಗುಡ್ಡ ಹತ್ತಿದ. ಒಂದೊಂದು ದಡಸಲಿಗೂ ಬೆನ್ನು ಕೊಟ್ಟು ನಿಂತ, ತಲೆಯ ಮೇಲೆ ಕೈಯಿಟ್ಟು ಅಳೆದ. ಎಲ್ಲವೂ ಅವನಿಗಿಂತ ಉದ್ದ. ಇದೂ ಅಲ್ಲ, ಇದೂ ಅಲ್ಲ. ಹೊತ್ತು ಇಳಿಯುವಾಗ ಒಂದು ಸಿಕ್ಕಿತು. ಹೆಬ್ಬೆರಳ ದಪ್ಪದ ಸಸಿ. ಬೇರು ಸಮೇತ ಕಿತ್ತು ತಂದ.

"ಇಡೀ ಗುಡ್ಡದಲ್ಲಿ ನನ್ನಷ್ಟೇ ಉದ್ದದ್ದು ಇದೊಂದೇ ಕಣವ್ವ" ಎಂದ.

ಓಬಕ್ಕ ಹಣೆ ಬಡಿದುಕೊಂಡಳು. ಇದರಲ್ಲಿ ನೊಣ ಹೊಡೆಯಬಹುದು, ಬಿಲ್ಲು ಮಾಡಲಾಗದು ಎಂದಳು. ದೊಡ್ಡ ಮರ ಕಡಿ, ತೊಡೆ ಗಾತ್ರದ್ದು. ಅದರಲ್ಲಿ ನಿನ್ನಳತೆಗೆ ತುಂಡು ಮಾಡು. ಹೆಗಲ ಮೇಲೆ ಹೊತ್ತು ತಾ, ಎಲ್ಲೂ ನೆಲಕ್ಕೆ ಇಳಿಸಬೇಡ.

ಮರುದಿನ ಹಾಗೇ ತಂದ. ಒಳ್ಳೆಯ ತುಂಡು. ಕಾಟಯ್ಯ ನೋಡಿ ತಲೆಯಾಡಿಸಿದ. ಸೀಳಿಸಿದ, ತೊಗಟೆ ತೆಗೆಸಿದ. ಇನ್ನು ನೆರಳಲ್ಲಿ ಒಣಗಲಿ, ಬಿಸಿಲು ಬಿದ್ದರೆ ಬಿರಿಯುತ್ತದೆ ಎಂದು ಹೇಳಿ ಹೊರಟುಹೋದ.

ಪಾಲಯ್ಯ ಅಂಗಳದಲ್ಲಿ ನೆರಳು ಹುಡುಕಿದ. ಎಲ್ಲಕ್ಕಿಂತ ಹತ್ತಿರ ಎಮ್ಮೆಯ ನೆರಳಿತ್ತು. ಕಪ್ಪಗೆ, ತಂಪಗೆ, ಚೆನ್ನಾಗಿತ್ತು. ಅಲ್ಲಿ ನಿಂತ. ನೆಲಕ್ಕೆ ಇಳಿಸಬೇಡ ಎಂದು ಅವ್ವ ಹೇಳಿದ್ದಳಲ್ಲ, ಹೆಗಲ ಮೇಲೇ ಹೊತ್ತು ಕುಕ್ಕರುಗಾಲಲ್ಲಿ ಕೂತ. ಎಮ್ಮೆ ಹಿತ್ತಲಿಗೆ ಹೋಯಿತು, ಪಾಲಯ್ಯನೂ ಹೋದ. ಎಮ್ಮೆ ಹೊಲಕ್ಕೆ ಹೋಯಿತು, ಪಾಲಯ್ಯನೂ ಹೋದ. ಮಧ್ಯಾಹ್ನ ಎಮ್ಮೆ ಕೆರೆಗೆ ಇಳಿಯಿತು. ಪಾಲಯ್ಯನೂ ಇಳಿದ.

ಸಂಜೆ ಓಬಕ್ಕ ಹುಡುಕಿಕೊಂಡು ಬಂದಾಗ ನೀರ ಮೇಲೆ ಎರಡು ತಲೆ ಕಾಣುತ್ತಿದ್ದವು. ಒಂದಕ್ಕೆ ಕೊಂಬಿತ್ತು. ಒಂದೇ ಏಟಿಗೆ ಹೇಳಲಾಗದಷ್ಟು ಬೈಗುಳ ಅವಳ ಬಾಯಿಗೆ ಬಂತು. ಇನ್ನೊಂದು ತಲೆ ಅವಳನ್ನೇ ನೋಡಿ, ನೆರಳು ನೀರಿಗೆ ಇಳಿದರೆ ನಾನೇನು ಮಾಡಲಿ ಎಂದಿತು.

ಒದ್ದೆ ಮರವನ್ನು ಒರೆಸಿ ಓಬಕ್ಕ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ಹೊಗೆ ಕುಡಿದು ಒಣಗಲಿ, ನಾಲ್ಕೂವರೆ ತಿಂಗಳು ಈ ಅಟ್ಟಕ್ಕೆ ಯಾರೂ ಕೈ ಹಾಕುವಂತಿಲ್ಲ, ನೀನು ಕಾವಲು ಎಂದಳು. ಪಾಲಯ್ಯ ಕಾವಲು ಕೂತ. ಉಪ್ಪಿನಕಾಯಿ ಜಾಡಿಯೂ ಅಲ್ಲೇ ಇತ್ತು. ಅಷ್ಟು ತಿಂಗಳೂ ಓಬಕ್ಕ ಉಪ್ಪಿನಕಾಯಿ ಇಲ್ಲದೆ ಮುದ್ದೆ ನುಂಗಿದಳು. ಒಂದು ದಿನ ಮೆಲ್ಲಗೆ ಏಣಿ ಹಾಕಿದಳು. ಮಗ ಏಣಿಯನ್ನೇ ಎತ್ತಿ ಹೊರಗಿಟ್ಟ.

ಮರ ಮಾತ್ರ ಚೆನ್ನಾಗಿ ಒಣಗಿತ್ತು. ಬೆರಳಲ್ಲಿ ತಟ್ಟಿದರೆ ಠಣ್ ಅನ್ನುತ್ತಿತ್ತು. ಈಗ ಕೆತ್ತನೆ. ಪಾಲಯ್ಯ ಮಾವನ ಮನೆಗೆ ಹೋದ. ಕಾಟಯ್ಯ ಬಾಚಿ ಕೈಗೆ ಕೊಟ್ಟು ಪಾಠ ಹೇಳಿದ. ಹೊರಮೈಗೆ ಬಾಚಿ ಸೋಕಿಸಬೇಡ, ಒಳಮೈ ಮಾತ್ರ ಕೆತ್ತು. ಹತ್ತು ಏಟು ಹಾಕು. ಕೈಯಿಂದ ಕೆಳಗಿಡು. ನಾಲ್ಕು ಹೆಜ್ಜೆ ಹಿಂದೆ ಸರಿ. ಒಂದು ಕಣ್ಣು ಮುಚ್ಚಿ ನೋಡು. ಎರಡು ಕಡೆಯೂ ಒಂದೇ ಸಮ ಇದ್ದರೆ ಮತ್ತೆ ಹತ್ತು ಏಟು.

ಹತ್ತು ಏಟು, ಕೆಳಗೆ, ಹಿಂದೆ, ಕಣ್ಣು. ಹತ್ತು ಏಟು, ಕೆಳಗೆ, ಹಿಂದೆ, ಕಣ್ಣು. ಇಷ್ಟು ಅಚ್ಚುಕಟ್ಟಾಗಿ ಯಾವ ಬುದ್ಧಿವಂತನೂ ಕೆತ್ತಿರಲಿಲ್ಲ. ಬುದ್ಧಿವಂತನಿಗೆ ನಡುವೆ ಬೇಸರ ಬರುತ್ತದೆ. ಪಾಲಯ್ಯನಿಗೆ ಬರಲಿಲ್ಲ. ನಾಲ್ಕು ದಿನದಲ್ಲಿ ಬಿಲ್ಲು ಬಿಲ್ಲಿನ ಹಾಗೆ ಕಂಡಿತು.

ಐದನೆಯ ದಿನ ಒಬ್ಬ ಮುದುಕಿ, ಬಾವಿಯಿಂದ ಒಂದು ಕೊಡ ಸೇದಿಕೊಡಪ್ಪ ಎಂದು ಕರೆದಳು. ಪಾಲಯ್ಯ ಹಗ್ಗ ಹಿಡಿದ. ಹತ್ತು ಸಲ ಎಳೆದ. ಕೈಬಿಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದ. ಒಂದು ಕಣ್ಣು ಮುಚ್ಚಿದ. ಕೊಡವೂ ಹಗ್ಗವೂ ದುಡುಂ ಎಂದು ಬಾವಿ ಸೇರಿದವು. ಮುಚ್ಚಿದ ಕಣ್ಣಿನ ಎದುರಿಗೆ ಸೂರಮ್ಮ ನಿಂತಿದ್ದಳು, ಅವಳ ಸುತ್ತ ಏಳೆಂಟು ಹೆಂಗಸರು. ಮದುವೆಗೆ ಮುಂಚೆಯೇ ಬಾವಿಕಟ್ಟೆಯಲ್ಲಿ ಕಣ್ಣು ಹೊಡೆಯುತ್ತಾನೆ ಎಂದು ಅವರು ತಮ್ಮ ತಮ್ಮ ಕೊಡದ ಹಗ್ಗದಲ್ಲೇ ಬಾರಿಸಿದರು. ಸೂರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಾಟಯ್ಯ ನಗಲಿಲ್ಲ. ಕೊಡ ಯಾಕೆ ಬಿಟ್ಟೆ ಎಂದು ಕೇಳಿದ. ನೀನೇ ಹೇಳಿದ್ದಲ್ಲ ಮಾವ ಎಂದ ಪಾಲಯ್ಯ. ಮಾವ ಹೇಳಿದ: "ಇನ್ನು ಮೇಲೆ ಹಿಡಿದದ್ದನ್ನ ಕೆಲಸ ಮುಗಿಯೋ ತನಕ ಬಿಡಬೇಡ. ಯಾರು ಬಂದು ಎಳೆದರೂ ಬಿಡಬೇಡ."

ಬಿಲ್ಲಿಗೆ ಹೆದೆ ಕಟ್ಟಿ ನೋಡಿದರೆ ಅದರ ಒಂದು ತೋಳು ಪಕ್ಕಕ್ಕೆ ತಿರುಚಿಕೊಂಡಿತ್ತು. ಹೆದೆ ನಡುವಿಗೆ ಬರದೆ ಓರೆಗೆ ಬಂತು. ಯುಗಾದಿಗೆ ಮೂರೇ ದಿನ. ಓಬಕ್ಕ ಅಲ್ಲೇ ಕುಸಿದು ಕೂತಳು. ಮೂರು ದಿನದಲ್ಲಿ ಇನ್ನೊಂದು ಮರ ಒಣಗುವುದುಂಟೇ.

ಬೆಂಕಿ ಇದೆಯಲ್ಲ ಎಂದ ಕಾಟಯ್ಯ. ಡೊಂಕಿರುವ ಕಡೆ ಹರಳೆಣ್ಣೆ ಸವರು. ಉರಿಗೆ ಹಿಡಿಯಬೇಡ, ಕೆಂಡದ ಮೇಲೆ ಹಿಡಿ, ಮೆಲ್ಲಗೆ ತಿರುಗಿಸು. ಕೈ ಸುಡುವಷ್ಟು ಬಿಸಿಯಾದ ಮೇಲೆ ಮೊಣಕಾಲು ಕೊಟ್ಟು ಎದುರು ಕಡೆಗೆ ಒತ್ತು. ಆರುವ ತನಕ ಹಾಗೇ ಹಿಡಿದಿರು. ಬಿಸಿಯಲ್ಲಿ ಬಿಟ್ಟರೆ ಮರ ಹಳೆಯ ಡೊಂಕಿಗೇ ಹೋಗುತ್ತದೆ.

ಪಾಲಯ್ಯ ಎಣ್ಣೆ ಸವರಿದ. ಕೆಂಡಕ್ಕೆ ಹಿಡಿದ. ಮೊಣಕಾಲು ಕೊಟ್ಟು ಒತ್ತಿದ. ಹಿಡಿದ ಹಿಡಿದ, ಹೊತ್ತು ನೆತ್ತಿಗೆ ಬರುವ ತನಕ ಹಿಡಿದ. ಬಿಟ್ಟು ನೋಡಿದರೆ ನೆಟ್ಟಗೆ, ಹೆದೆ ಕಟ್ಟಿದರೆ ಸರಿಯಾಗಿ ನಡುವಿಗೆ ಬಂತು. ಓಬಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಗ ಹುಟ್ಟಿದ ಮೇಲೆ ಮೊದಲ ಸಲ ಅವನ ಕೈಯಲ್ಲಿ ಒಂದು ಕೆಲಸ ಸರಿಯಾಗಿತ್ತು. ಕಾಟಯ್ಯನಿಗೂ ಖುಷಿಯಲ್ಲಿ ಬಾಯಿ ತಪ್ಪಿತು. ಡೊಂಕು ಕಂಡಲ್ಲೆಲ್ಲ ಹೀಗೇ ಮಾಡು ಎಂದುಬಿಟ್ಟ.

ಯುಗಾದಿ ಬಂತು. ತಾಯಿ, ಮಗ, ಬಿಲ್ಲು ಮೂವರೂ ಕಾಟಯ್ಯನ ಮನೆಗೆ ಹೋದರು. ಹೂಂ ಅನ್ನಬೇಕಾದ ಹಿರಿಯ ಜಗಲಿಯ ಮೇಲೆ ಕೂತಿದ್ದ. ಕಾಟಯ್ಯನಿಗೂ ಓಬಕ್ಕನಿಗೂ ಅಪ್ಪ, ಪಾಲಯ್ಯನಿಗೆ ಅಜ್ಜ. ದೊಡ್ಡಬೋರಜ್ಜ ಅಂತ ಹೆಸರು. ಹಳೆಯ ಬೇಟೆಗಾರ. ಬೆನ್ನು ಬಾಗಿ ಬಾಗಿ ಹನ್ನೆರಡು ವರ್ಷದಿಂದ ತನ್ನ ಕಾಲ ಹೆಬ್ಬೆರಳು ಬಿಟ್ಟು ಬೇರೇನೂ ನೋಡಿರಲಿಲ್ಲ.

ವೀಳ್ಯದ ತಟ್ಟೆ ಸಿದ್ಧಮಾಡಲು ಕಾಟಯ್ಯ ಒಳಗೆ ಹೋದ, ಓಬಕ್ಕನೂ ಹೋದಳು. ಮಗನಿಗೆ, ಗಲಾಟೆ ಮಾಡಬೇಡ, ಅಜ್ಜನಿಗೆ ಏನು ಬೇಕೋ ನೋಡಿಕೋ ಎಂದಿದ್ದಳು.

ಪಾಲಯ್ಯ ನೋಡಿದ. ಅಜ್ಜನಿಗೆ ಏನು ಬೇಕೆಂದು ಎದ್ದು ಕಾಣುತ್ತಿತ್ತು.

ಹಬ್ಬದ ಎಣ್ಣೆಸ್ನಾನಕ್ಕೆ ಇಟ್ಟ ಹರಳೆಣ್ಣೆ ಅಲ್ಲೇ ಇತ್ತು. ಬೆನ್ನಿಗೆ ಸವರಿದ. ಅಜ್ಜನಿಗೆ ಹಾಯೆನಿಸಿತು. ಯಾರಪ್ಪ ನೀನು, ನೂರು ವರ್ಷ ಬಾಳು ಎಂದ. ಪಾಲಯ್ಯ ಹಂಡೆ ಒಲೆಯಿಂದ ಒಂದು ಬಾಂಡ್ಲಿ ಕೆಂಡ ತಂದು ಹಿಂದೆ ಇಟ್ಟ. ಅಜ್ಜನನ್ನು ಮೆಲ್ಲಗೆ ಆ ಕಡೆ, ಮೆಲ್ಲಗೆ ಈ ಕಡೆ ತಿರುಗಿಸಿದ. ಅಜ್ಜ ಕಣ್ಣು ಮುಚ್ಚಿ, ಇನ್ನೊಂದು ಚೂರು ಎಡಕ್ಕೆ ಎಂದ. ಬೆನ್ನು ಕೈಗೆ ಬಿಸಿ ಹತ್ತಿತು. ಪಾಲಯ್ಯ ಬಾಂಡ್ಲಿ ಪಕ್ಕಕ್ಕೆ ಸರಿಸಿದ, ಎರಡೂ ಹೆಗಲು ಹಿಡಿದ, ಬೆನ್ನಿಗೆ ಮೊಣಕಾಲು ಕೊಟ್ಟ, ಎದುರು ಕಡೆಗೆ ಒತ್ತಿದ.

ಅಜ್ಜನ ಕೂಗು ಮೂರು ಹಟ್ಟಿಗೆ ಕೇಳಿತು. ಕಾಟಯ್ಯ ಓಡಿ ಬಂದ. ಓಬಕ್ಕ ವೀಳ್ಯದೆಲೆ ಸಮೇತ ಓಡಿ ಬಂದಳು. ಒಬ್ಬರು ಕೈ ಎಳೆದರು, ಒಬ್ಬರು ಜುಟ್ಟು ಎಳೆದರು. ಯಾರು ಬಂದು ಎಳೆದರೂ ಬಿಡುವ ಹಾಗಿರಲಿಲ್ಲ. ಪಾಲಯ್ಯ ಬಿಡಲಿಲ್ಲ.

"ಬಿಡೋ" ಎಂದ ಕಾಟಯ್ಯ.

"ಆರಲಿ ಮಾವ. ಇನ್ನೂ ಬೆಚ್ಚಗಿದ್ದಾನೆ."

"ಬದುಕಿರೋ ಮನುಷ್ಯ ಬೆಚ್ಚಗೇ ಇರ್ತಾನೆ ಕಣೋ. ಇವನು ಆರಬೇಕಾದರೆ ಸಾಯಬೇಕು."

ಪಾಲಯ್ಯ ಯೋಚಿಸಿದ. ಹಾಗಾದರೆ ಇದು ತಡವಾಗುತ್ತದೆ ಎಂದ.

ಅಷ್ಟರಲ್ಲಿ ಅಜ್ಜನ ಬೆನ್ನಿನೊಳಗೆ ಲಟಕ್ ಎಂದಿತು. ಕೂಗು ನಿಂತಿತು. ಓಬಕ್ಕನ ಎದೆಯೂ ನಿಂತಿತು. ಅಪ್ಪ ಹೋದ, ಮದುವೆ ಹೋಯಿತು, ಮಗನೂ ಹೋದ ಎಂದುಕೊಂಡಳು. ದೊಡ್ಡಬೋರಜ್ಜ ಮೆಲ್ಲಗೆ ಎದ್ದು ನಿಂತ. ಇನ್ನೂ ಎದ್ದ. ಮತ್ತೂ ಎದ್ದ. ತಲೆ ಜಗಲಿಯ ತೊಲೆಗೆ ತಾಗಿತು. ಈ ತೊಲೆ ಯಾವಾಗ ಹಾಕಿಸಿದೆಯೋ ಎಂದು ಮಗನನ್ನು ಕೇಳಿದ.

ಅಜ್ಜ ಬಿಲ್ಲಿಗೆ ಕೈ ಚಾಚಿದ. ಹೆದೆ ಏರಿಸಿದ. ಕಿವಿಯ ತನಕ ಎಳೆದ. ಹನ್ನೆರಡು ವರ್ಷದಲ್ಲಿ ಮನೆತನದ ಬೇರೆ ಹೆಣ್ಣುಗಳನ್ನು ಕೇಳಿ ಬಂದವರ ಬಿಲ್ಲುಗಳನ್ನು ಅವನು ಬರೀ ಮುಟ್ಟಿ ಹೂಂ ಅಂದಿದ್ದ, ಎಳೆದಿರಲಿಲ್ಲ. ಎರಡು ತೋಳೂ ಒಂದೇ ಸಮ ಬಾಗಿದವು.

"ಬಿಲ್ಲು ಒಳ್ಳೇದು. ಹುಡುಗ ಪೆದ್ದ. ಹೆಣ್ಣು ಕೊಡು" ಎಂದ.

ಒಳಗಿನಿಂದ ಸೂರಮ್ಮನ ಬಳೆ ಸದ್ದಾಯಿತು.

ಕಾಟಯ್ಯ ಅಳಿಯನನ್ನು ಪಕ್ಕಕ್ಕೆ ಕರೆದ. ಮನುಷ್ಯರನ್ನು ಕೆಂಡಕ್ಕೆ ಹಿಡಿಯಬೇಡ, ಅಜ್ಜ ಉಳಿದದ್ದು ನಿನ್ನ ಪುಣ್ಯ ಎಂದು ಗದರಿದ. ಬಿಲ್ಲನ್ನು ಕೈಗಿಟ್ಟು ಕೊನೆಯ ಪಾಠ ಹೇಳಿದ. ಹೆದೆ ಕಟ್ಟೇ ಇಟ್ಟರೆ ಬಿಲ್ಲು ಕಸುವು ಕಳೆದುಕೊಂಡು ಬಾಗಿದ ಹಾಗೇ ಕೂರುತ್ತದೆ. ಕಟ್ಟಿದ್ದನ್ನು ಕೆಲಸ ಮುಗಿದ ಕೂಡಲೇ ಬಿಚ್ಚು. ಸುತ್ತಿ ಗೂಟಕ್ಕೆ ಹಾಕು. ಬೇಕಾದಾಗ ಮತ್ತೆ ಕಟ್ಟಿದರಾಯಿತು. ಪಾಲಯ್ಯ ತಲೆಯಾಡಿಸಿದ.

ಹದಿನೈದು ದಿನಕ್ಕೆ ಮದುವೆ. ಚಪ್ಪರ, ವಾಲಗ, ನೂರಾರು ಜನ. ಪಾಲಯ್ಯ ತಾಳಿ ಕಟ್ಟಿದ, ಮೂರು ಗಂಟು, ಒಂದೂ ತಪ್ಪಲಿಲ್ಲ. ಅಕ್ಕಿಕಾಳು ಬಿತ್ತು. ಓಬಕ್ಕ ಬಡಿಸಲು ನಿಂತಳು. ಜನ ಉಂಡರು, ಕೈ ತೊಳೆದರು, ಎಲೆ ಅಡಿಕೆ ಹಾಕಿಕೊಂಡರು. ಅಂತೂ ಮದುವೆ ಕೆಲಸ ಮುಗಿಯಿತು ಎಂದ ಕಾಟಯ್ಯ ನೆಮ್ಮದಿಯಿಂದ.

ಪಾಲಯ್ಯ ಎದ್ದ. ಸೂರಮ್ಮನ ಹಿಂದೆ ಹೋಗಿ ಕೂತ. ಮೂರು ಗಂಟನ್ನೂ ನಿಧಾನವಾಗಿ, ನೂಲು ಸವೆಯದ ಹಾಗೆ ಬಿಚ್ಚಿದ. ತಾಳಿಯನ್ನು ಸುತ್ತಿ ಗೂಟಕ್ಕೆ ಹಾಕಿ ಬಂದ.

ವಾಲಗ ನಿಂತಿತು. ಕಾಟಯ್ಯನ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ಉಳಿಯಿತು. ಸೂರಮ್ಮ ತಾನೇ ಎದ್ದು ಗೂಟದಿಂದ ತಾಳಿ ತಂದು ಗಂಡನ ಕೈಗಿಟ್ಟಳು, ತಿರುಗಿ ಕೂತು ಕುತ್ತಿಗೆ ತೋರಿಸಿದಳು.

"ಕಟ್ಟು ಬಾವ. ಇದರ ಕೆಲಸ ಮುಗಿಯೋದಲ್ಲ."

ಕಟ್ಟಿದ. ತಾಳಿ ಎರಡನೆಯ ಸಲ ಕಟ್ಟಿದರೆ ಊಟವೂ ಎರಡನೆಯ ಸಲ ಎಂದು ಹಟ್ಟಿಯವರು ಪಟ್ಟು ಹಿಡಿದು ಸಾಲಾಗಿ ಕೂತುಬಿಟ್ಟರು. ಸಾರಿಗೆ ನೀರು ಸುರಿ ಎಂದು ಯಾರೋ ಅಂದದ್ದೇ ತಡ, ಪಾಲಯ್ಯ ಹೋಗಿ ಎಲೆಯ ಮೇಲಿದ್ದ ಸಾರಿಗೆಲ್ಲ ಒಂದೊಂದು ಚೊಂಬು ನೀರು ಸುರಿಯತೊಡಗಿದ.

ಓಬಕ್ಕ ನೋಡಿದಳು. ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಚಪ್ಪರದ ಆ ಕಡೆಯಿಂದ ಸೂರಮ್ಮ ಶುರುಮಾಡಿದ್ದಳು. ಓಬಕ್ಕ ಬಾಯಿ ಮುಚ್ಚಿ, ಮಗ ಹುಟ್ಟಿ ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ಹಾಯಾಗಿ ಗೋಡೆಗೆ ಒರಗಿ ಕೂತಳು.